ನೆಟ್‌ಲೋಗೋದಲ್ಲಿ ಕೊಳೆರೋಗದ ಮಾದರಿ ಕಟ್ಟುವುದು: ಎಲ್ಲರೂ ಎಡವುವ ಜಾಗಗಳ ಸಮೇತ

ನೆಟ್‌ಲೋಗೋ ಎಂಬ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಮಾಡಿದ ಪ್ರಾಜೆಕ್ಟ್ ಫೈಲ್ ಕಳಿಸಿ ಸಹಾಯ ಕೇಳುವ ವಿದ್ಯಾರ್ಥಿಗಳದ್ದು ಹೆಚ್ಚುಕಮ್ಮಿ ಒಂದೇ ದೂರು: "ಸರ್, ಮಾಡೆಲ್ ಓಡ್ತಿದೆ, ಆದ್ರೆ ಗೈಡ್ ಒಪ್ತಿಲ್ಲ." ತೆರೆದು ನೋಡಿದರೆ ಹಸಿರು ಚೌಕಗಳು ಕೆಂಪಾಗುತ್ತವೆ, ಗ್ರಾಫ್ ಮೇಲೇರುತ್ತದೆ, ಅಷ್ಟೇ. ಆ ಕೆಂಪು ಇಷ್ಟು ವೇಗವಾಗಿ ಯಾಕೆ ಹರಡಿತು ಅಂತ ಕೇಳಿದರೆ ಉತ್ತರ ಇಲ್ಲ. ಗೈಡ್ ಒಪ್ಪದೇ ಇರುವುದು ಸರಿಯಾಗಿಯೇ ಇದೆ.

ಹಾಗಾಗಿ ಶಿರಸಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲದ ಒಂದು ವಿಷಯ ಹಿಡಿದು, ಮೊದಲಿಂದ ಕೊನೆವರೆಗೆ ಒಂದು ಮಾದರಿ ಕಟ್ಟೋಣ. ವಿಷಯ ಅಡಿಕೆ ಕೊಳೆರೋಗ, ಅಂದರೆ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಸುಮ್ನೆ ಹೇಳುತ್ತಿಲ್ಲ, 5ನೇ ಹಂತ ಹಾರಿಸಿ 7ಕ್ಕೆ ಹೋದವರೇ ಜಾಸ್ತಿ ವಾಪಸ್ ಬರುವುದು.

ಮೊದಲು ಬೇಕಾದದ್ದು

ನೆಟ್‌ಲೋಗೋ ಉಚಿತ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಾಣದಿಂದ ಇಳಿಸಿಕೊಳ್ಳಬಹುದು. ಹಳೇ ಲ್ಯಾಪ್‌ಟಾಪಿಗೂ ಈ ಮಾದರಿ ಭಾರವಲ್ಲ. ಇಳಿಸುವ ಮೊದಲು ಲ್ಯಾಬಿನಲ್ಲಿ ಯಾವ ಆವೃತ್ತಿ ಇದೆ ನೋಡಿ. ಮನೆಯಲ್ಲಿ 7ರಲ್ಲಿ ಉಳಿಸಿದ ಫೈಲ್ ಲ್ಯಾಬಿನ 6ರಲ್ಲಿ ತೆರೆಯುವುದಿಲ್ಲ.

ಬ್ರೌಸರಿನಲ್ಲೇ ಓಡುವ ನೆಟ್‌ಲೋಗೋ ವೆಬ್ ಕೂಡ ಇದೆ. ತರಗತಿಯಲ್ಲಿ ತೋರಿಸಲು ಚೆನ್ನ. ಸಂಶೋಧನೆಗೆ ಸಾಲದು, ಯಾಕೆಂದರೆ ಮಾದರಿಯನ್ನು ತಾನೇ ನೂರಾರು ಸಲ ಓಡಿಸುವ, 7ನೇ ಹಂತದ ಬಿಹೇವಿಯರ್‌ಸ್ಪೇಸ್ ಅದರಲ್ಲಿಲ್ಲ. ಇನ್ನೊಂದು ಅಪಾಯ: ಎಕ್ಸ್‌ಪೋರ್ಟ್ ಮಾಡದೆ ಟ್ಯಾಬ್ ಮುಚ್ಚಿದರೆ ಕೆಲಸ ಹೋಗಬಹುದು. ಆಷಾಢದ ಒಂದು ಮಧ್ಯಾಹ್ನ ಕರೆಂಟ್ ಹೋಗಿ ನನ್ನ ಮೂರು ತಾಸಿನ ಕೆಲಸ ಹಾಗೇ ಮಾಯವಾಗಿದೆ.

ಕೋಡನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ನಾನು ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ನಡುವೆ ಅಡ್ಡಗೆರೆ ಕಂಡರೆ ಅದು ಆಜ್ಞೆಯ ಭಾಗ, ಬಿಡಬೇಡಿ.

ಜೊತೆಗೆ ಒಂದು ನೋಟ್‌ಬುಕ್, ಪೆನ್ನು. ಮೊದಲ ಹಂತ ಪೂರ್ತಿ ಅದರಲ್ಲೇ.

ಹಂತ 1: ಪ್ರಶ್ನೆ ಕಾಗದದ ಮೇಲೆ ಬರಲಿ

"ಕೊಳೆರೋಗದ ಸಿಮ್ಯುಲೇಶನ್" ಅನ್ನುವುದು ಪ್ರಶ್ನೆ ಅಲ್ಲ, ಶೀರ್ಷಿಕೆ. ಪ್ರಶ್ನೆ ಹೀಗಿರಬೇಕು: ಕೊನೆಗೌಡರು (ಅಡಿಕೆ ಮರ ಹತ್ತಿ ಮದ್ದು ಹೊಡೆಯುವವರು) ಸಿಗದೆ ಮೊದಲ ಮದ್ದು ಹೊಡೆಯುವುದು 10 ದಿನ ತಡವಾದರೆ, ಮಳೆಗಾಲ ಮುಗಿಯುವಾಗ ರೋಗ ತಗುಲಿದ ಮರಗಳು ಎಷ್ಟು ಹೆಚ್ಚಾಗುತ್ತವೆ? ಇದರಲ್ಲಿ ಬದಲಾಯಿಸುವ ಸಂಗತಿ ಒಂದಿದೆ, ತಡ. ಎಣಿಸುವ ಸಂಗತಿಯೂ ಒಂದಿದೆ, ರೋಗದ ಮರಗಳು. ಇವೆರಡು ಸ್ಪಷ್ಟವಿಲ್ಲದಿದ್ದರೆ ಕಂಪ್ಯೂಟರ್ ಆನ್ ಮಾಡಬೇಡಿ.

ಆಮೇಲೆ ನಿಯಮಗಳು. ಆರೇಳು ಸಾಲು ಸಾಕು. ಕೊಳೆರೋಗ ಫೈಟಾಫ್ಥೊರಾ ಜಾತಿಯ ಸೂಕ್ಷ್ಮಜೀವಿಯಿಂದ ಬರುತ್ತದೆ. ಮಳೆಹನಿಯ ಚಿಮ್ಮುವಿಕೆ ಮತ್ತು ಗಾಳಿ ಅದನ್ನು ಹರಡುತ್ತವೆ. ಹಾಗಾಗಿ ನಮ್ಮ ನಿಯಮ: ಮಳೆ ಬಿದ್ದ ದಿನ ಮಾತ್ರ ರೋಗ ಪಕ್ಕದ ಮರಕ್ಕೆ ದಾಟಬಹುದು. ಇಲ್ಲಿ ಮದ್ದು ಅಂದರೆ ಬೋರ್ಡೋ ದ್ರಾವಣ. ಅದು ರೋಗ ಬರದಂತೆ ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ. ಹಾಗಾಗಿ: ಮದ್ದು ಬಿದ್ದ ಮರಕ್ಕೆ 40 ದಿನ ರಕ್ಷಣೆ, ರೋಗ ಬಂದ ಮರ ರೋಗದ್ದೇ. ಸಾಮಾನ್ಯ ಶಿಫಾರಸು ಮಳೆಗಾಲಕ್ಕೆ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. 40 ಅನ್ನುವ ಸಂಖ್ಯೆ ಅಲ್ಲಿಂದ ಬಂತು. ಹೀಗೆ ಪ್ರತಿ ನಿಯಮದ ಪಕ್ಕ ಅದು ಎಲ್ಲಿಂದ ಬಂತು ಅಂತ ಬರೆದಿಡಿ. ಊಹೆಯಾದರೆ "ಊಹೆ" ಅಂತಲೇ ಬರೆಯಿರಿ, ನಾಚಿಕೆ ಬೇಡ.

ಇಲ್ಲಿ ಆಗುವ ತಪ್ಪು: ಗೊತ್ತಿರುವುದನ್ನೆಲ್ಲ ತುಂಬುವುದು. ಗಾಳಿಯ ದಿಕ್ಕು, ಮಣ್ಣು, ಅಡಿಕೆ ದರ, ಕೊಟ್ಟೆ (ಅಡಿಕೆ ಗೊನೆಗೆ ಹಾಕುವ ಹೊದಿಕೆ) ಕಟ್ಟುವುದು, ಕಾಳುಮೆಣಸಿನ ಬಳ್ಳಿ. ಒಂದೂ ಬೇಡ, ಈಗಲ್ಲ.

ಹಂತ 2: ತೋಟ ಹಾಸುವುದು

ನೆಟ್‌ಲೋಗೋದ ಪರದೆ ಚೌಕಗಳ ಹಾಸು. ಒಂದೊಂದು ಚೌಕವೂ ಒಂದು ಪ್ಯಾಚ್. ಅದರ ಮೇಲೆ ಓಡಾಡುವುದು ಟರ್ಟಲ್. ಹೊಸಬರು ಮರವನ್ನು ಟರ್ಟಲ್ ಮಾಡುತ್ತಾರೆ, ಯಾಕೆಂದರೆ ಮರದ ಆಕಾರದ ಚಿತ್ರ ಅದಕ್ಕೇ ಸಿಗುತ್ತದೆ. ಅಡಿಕೆ ಮರ ನಡೆಯುವುದಿಲ್ಲ ಅಲ್ವಾ? ಪ್ಯಾಚ್ ಸಾಕು. ನಡೆಯುವವರು ಕೊನೆಗೌಡರು, ಅವರು 6ನೇ ಹಂತದಲ್ಲಿ ಬರುತ್ತಾರೆ.

ಹೊಸ ಫೈಲ್ ತೆರೆದರೆ ಪರದೆ ಉದ್ದಕ್ಕೂ ಅಗಲಕ್ಕೂ 33 ಪ್ಯಾಚ್, ಒಟ್ಟು 1089. ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ ನಮ್ಮ 9 ಅಡಿ ಲೆಕ್ಕ. 33 ಮರದ ಸಾಲು 89 ಮೀಟರ್ ಆಯಿತು. ಒಟ್ಟು ಎರಡು ಎಕರೆಗೆ ಸ್ವಲ್ಪ ಕಮ್ಮಿ ತೋಟ. ಪರದೆಯ ಅಳತೆ ಮುಟ್ಟುವುದೇ ಬೇಡ.

ಮುಟ್ಟಬೇಕಾದ್ದು ಇನ್ನೊಂದು. ಸೆಟ್ಟಿಂಗ್ಸ್ ಬಟನ್ ಒತ್ತಿದರೆ "ವರ್ಲ್ಡ್ ರ‍್ಯಾಪ್ಸ್" ಅನ್ನುವ ಎರಡು ಗುರುತುಗಳಿವೆ, ಅಡ್ಡಕ್ಕೊಂದು ಉದ್ದಕ್ಕೊಂದು. ಎರಡನ್ನೂ ತೆಗೆಯಿರಿ. ಅವು ಇದ್ದರೆ ಪರದೆಯ ಬಲ ಅಂಚು ಎಡ ಅಂಚಿಗೆ ಅಂಟಿಕೊಂಡಿರುತ್ತದೆ. ಹೊಳೆ ಪಕ್ಕದ ಮರಕ್ಕೆ ಬಂದ ರೋಗ ಆಚೆ ಬೆಟ್ಟದ ಪಕ್ಕದ ಮರಕ್ಕೆ ಒಂದೇ ದಿನದಲ್ಲಿ ಹಾರುತ್ತದೆ. ಒಬ್ಬ ವಿದ್ಯಾರ್ಥಿನಿ ಇದನ್ನು "ಗಾಳಿಯ ಪರಿಣಾಮ" ಅಂತ ವರದಿಯಲ್ಲಿ ವಿವರಿಸಿದ್ದರು. ಅವರ ಮಾದರಿಯಲ್ಲಿ ಗಾಳಿಯೇ ಇರಲಿಲ್ಲ.

ಹಂತ 3: ಸೆಟಪ್

ಕೋಡ್ ಟ್ಯಾಬಿನಲ್ಲಿ ಎಲ್ಲಕ್ಕಿಂತ ಮೇಲೆ ಪ್ಯಾಚಸ್-ಓನ್ ಬರೆದು ಚೌಕ ಆವರಣದಲ್ಲಿ ಮೂರು ಹೆಸರು ಕೊಡಿ: ರೋಗ ಇದೆಯಾ, ನಾಳೆ ರೋಗ ಬರುತ್ತದಾ, ಮದ್ದಿನ ರಕ್ಷಣೆ ಇನ್ನೆಷ್ಟು ದಿನ. ಮಳೆ ಇಡೀ ತೋಟಕ್ಕೆ ಒಂದೇ, ಹಾಗಾಗಿ "ಇವತ್ತು ಮಳೆಯಾ" ಅನ್ನುವುದನ್ನು ಗ್ಲೋಬಲ್ಸ್ ಅಡಿ ಹಾಕಿ. ಆಮೇಲೆ ಸೆಟಪ್ ಅನ್ನುವ ಪ್ರೊಸೀಜರ್, ಅಂದರೆ ಒಂದು ಹೆಸರಿನಡಿ ಇಟ್ಟ ಆಜ್ಞೆಗಳ ಕಟ್ಟು. ಅದರೊಳಗೆ ಕ್ರಮ ಹೀಗೆ:

1. ಕ್ಲಿಯರ್-ಆಲ್.
2. ಎಲ್ಲ ಪ್ಯಾಚ್‌ಗಳಿಗೂ ಮೊದಲೆರಡು ಹೆಸರಿಗೆ ಫಾಲ್ಸ್, ಮೂರನೆಯದಕ್ಕೆ 0, ಬಣ್ಣ ಹಸಿರು.
3. ಒಂದು ಮರಕ್ಕೆ ರೋಗ ಟ್ರೂ, ಬಣ್ಣ ಕೆಂಪು.
4. ರೀಸೆಟ್-ಟಿಕ್ಸ್.

ಎರಡನೇ ಸಾಲನ್ನು ಜನ ಬಿಡುತ್ತಾರೆ. ಹೇಳದೇ ಹೋದರೆ ನೆಟ್‌ಲೋಗೋ ಎಲ್ಲದಕ್ಕೂ 0 ಇಟ್ಟುಕೊಳ್ಳುತ್ತದೆ. ಮುಂದೆ "ರೋಗ ಇಲ್ಲದವರು" ಅಂತ ಕೇಳಿದಾಗ ಟ್ರೂ ಅಥವಾ ಫಾಲ್ಸ್ ಬೇಕಿತ್ತು, 0 ಸಿಕ್ಕಿತು ಅಂತ ದೋಷ ತೋರಿಸುತ್ತದೆ. ನಾಲ್ಕನೆಯದನ್ನು ಬಿಟ್ಟರೆ ಟಿಕ್ ಎಣಿಕೆ ಶುರುವೇ ಆಗಿಲ್ಲ ಅನ್ನುತ್ತದೆ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದರಲ್ಲೇ ಜಾಸ್ತಿ ಸಮಯ ಹಾಳಾಗುವುದು. ಕೂಡು, ಕಳೆ, ಸಮ ಚಿಹ್ನೆಗಳ ಎರಡೂ ಕಡೆ ಜಾಗ ಬಿಡಬೇಕು. ಜಾಗ ಬಿಡದೆ ಅಂಟಿಸಿ ಬರೆದರೆ ಅದಿಷ್ಟನ್ನೂ ಒಂದೇ ಹೆಸರು ಅಂದುಕೊಂಡು "ಆ ಹೆಸರಿನದು ಯಾವುದೂ ಇಲ್ಲ" ಅನ್ನುತ್ತದೆ. ಬೇರೆ ಭಾಷೆ ಕಲಿತು ಬಂದವರಿಗೇ ಇದು ಹೆಚ್ಚು ಕಾಡುತ್ತದೆ.

ಹಂತ 4: ಒಂದು ದಿನದಲ್ಲಿ ಏನೇನು, ಯಾವ ಕ್ರಮದಲ್ಲಿ

ಒಂದು ಟಿಕ್ ಅಂದರೆ ಒಂದು ದಿನ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ಮಳೆ-ಸಾಧ್ಯತೆ, ಹರಡುವ-ಸಾಧ್ಯತೆ, ಮದ್ದಿನ ದಿನ ಮೂರಕ್ಕೂ ಸ್ಲೈಡರ್ (ಎಳೆದು ಸಂಖ್ಯೆ ಬದಲಿಸುವ ಪಟ್ಟಿ) ಇರಲಿ. ಗೋ ಪ್ರೊಸೀಜರಿನಲ್ಲಿ ಒಂದು ದಿನದ ಕೆಲಸ ಹೀಗೆ ಬರಲಿ:

1. ಟಿಕ್ಸ್ 122 ಆಗಿದ್ದರೆ ನಿಲ್ಲಿಸು.
2. ಇವತ್ತು ಮಳೆಯಾ ಅಂತ ತೀರ್ಮಾನಿಸು. ರ‍್ಯಾಂಡಮ್-ಫ್ಲೋಟ್ 100 (0ರಿಂದ 100ರೊಳಗಿನ ಯಾವುದೋ ಒಂದು ಸಂಖ್ಯೆ ಕೊಡುವ ಆಜ್ಞೆ), ಮಳೆ-ಸಾಧ್ಯತೆ ಸ್ಲೈಡರಿಗಿಂತ ಕಮ್ಮಿ ಬಂದರೆ ಮಳೆ.
3. ಮದ್ದಿನ ದಿನವಾದರೆ ಎಲ್ಲ ಮರಕ್ಕೂ ರಕ್ಷಣೆ 40.
4. ಮಳೆ ಇದ್ದರೆ, ರೋಗದ ಪ್ರತಿ ಮರವೂ ಸುತ್ತಲಿನ 8 ಮರಗಳಲ್ಲಿ (ನೇಬರ್ಸ್) ರೋಗವಿಲ್ಲದ, ರಕ್ಷಣೆ ಇಲ್ಲದ ಮರಕ್ಕೆ ಹರಡುವ-ಸಾಧ್ಯತೆಯಷ್ಟು ಅವಕಾಶದಲ್ಲಿ "ನಾಳೆ ರೋಗ" ಅಂತ ಗುರುತು ಹಾಕಲಿ.
5. ಗುರುತು ಬಿದ್ದವರೆಲ್ಲ ಈಗ ಒಟ್ಟಿಗೆ ಕೆಂಪಾಗಲಿ, ಗುರುತು ಅಳಿಸಲಿ.
6. ರಕ್ಷಣೆ ಉಳಿದಿದ್ದರೆ ಒಂದು ದಿನ ಕಳೆಯಲಿ.
7. ಟಿಕ್.

ನಾಲ್ಕು ಮತ್ತು ಐದನ್ನು ಯಾಕೆ ಬೇರೆ ಮಾಡಿದೆವು? ಹೆಚ್ಚಿನವರು ಮರದ ಕಡೆಯಿಂದ ಬರೆಯುತ್ತಾರೆ: "ನನ್ನ ಪಕ್ಕ ರೋಗ ಇದೆಯಾ? ಇದ್ದರೆ ನಾನೂ ಕೆಂಪು." ಓದಲು ಚಂದ. ಆದರೆ ಆಸ್ಕ್ ಆಜ್ಞೆ ಎಲ್ಲ ಪ್ಯಾಚ್‌ಗಳನ್ನೂ ಒಟ್ಟಿಗೆ ಕೇಳುವುದಿಲ್ಲ, ಒಂದೊಂದಾಗಿ, ಪ್ರತಿ ಸಲ ಬೇರೆ ಸರದಿಯಲ್ಲಿ ಕೇಳುತ್ತದೆ. ಈ ಕ್ಷಣ ಕೆಂಪಾದ ಮರವನ್ನು ಮುಂದಿನ ಮರ ನೋಡಿ ತಾನೂ ಕೆಂಪಾಗುತ್ತದೆ, ಅದನ್ನು ನೋಡಿ ಇನ್ನೊಂದು. ಒಂದೇ ದಿನದಲ್ಲಿ ರೋಗ ನಾಲ್ಕೈದು ಮರ ದಾಟಿರುತ್ತದೆ. ಪರದೆಯಲ್ಲಿ ಇದು ತಪ್ಪು ಅಂತ ಕಾಣುವುದೇ ಇಲ್ಲ. ಇನ್ನೂ ಸಹಜವಾಗಿಯೇ ಕಾಣುತ್ತದೆ, ಅದೇ ತೊಂದರೆ. ಮೊದಲು ಗುರುತು, ಆಮೇಲೆ ಎಲ್ಲರೂ ಒಟ್ಟಿಗೆ ಬದಲಾಗುವುದು: ಈ ಎರಡು ಸಾಲಿನ ಕ್ರಮ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಹರಡುವ-ಸಾಧ್ಯತೆ ಒಂದೊಂದು ಪಕ್ಕದ ಮರಕ್ಕೆ ಲೆಕ್ಕ, ಮರೆಯಬೇಡಿ. 10 ಅಂತ ಇಟ್ಟು, ಒಂದು ಮರದ ಸುತ್ತಲಿನ ಎಂಟೂ ರೋಗದ್ದಾದರೆ ಆ ದಿನ ಅದಕ್ಕೆ ರೋಗ ಬರುವ ಅವಕಾಶ 10 ಅಲ್ಲ, 80 ಕೂಡ ಅಲ್ಲ, ಸುಮಾರು 57. ಎಂಟೂ ಸಲ ತಪ್ಪಿಸಿಕೊಳ್ಳುವ ಅವಕಾಶ ಶೇಕಡ 43 ಅಂತ ಲೆಕ್ಕ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಬಟನ್ ಮಾಡುವಾಗ ಗೋಗೆ ಎರಡು ಮಾಡಿ. ಒಂದಕ್ಕೆ ಫಾರೆವರ್ ಗುರುತು ಹಾಕಿ, ಇನ್ನೊಂದಕ್ಕೆ ಬೇಡ. ಎರಡನೆಯದಕ್ಕೆ ನಾನು "ಒಂದು ದಿನ" ಅಂತ ಹೆಸರಿಡುತ್ತೇನೆ. ಮುಂದಿನ ಹಂತ ನಡೆಯುವುದು ಅದರಲ್ಲೇ. ರೋಗದ ಮರ ಎಷ್ಟು ಅಂತ ತೋರಿಸುವ ಒಂದು ಮಾನಿಟರ್ ಪಕ್ಕದಲ್ಲಿರಲಿ. ಅಪ್‌ಡೇಟ್ ಆಯ್ಕೆಯನ್ನು "ಆನ್ ಟಿಕ್ಸ್"ಗೆ ಇಡಿ.

ಹಂತ 5: ಬೆರಳೆಣಿಸಿ ಪರೀಕ್ಷೆ

ಉತ್ತರ ನಿಮಗೆ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಮಾದರಿಗೆ ಕೇಳುವ ಹಂತ ಇದು. ಅರ್ಧ ತಾಸು ಸಾಕು.

ಮೊದಲ ಪರೀಕ್ಷೆ. ಮಳೆ 100, ಹರಡುವಿಕೆ 100, ಮದ್ದಿನ ದಿನ 200, ಅಂದರೆ ಮದ್ದೇ ಇಲ್ಲ. ರೋಗದ ಮರ ತೋಟದ ನಟ್ಟನಡುವೆ ಒಂದೇ. "ಒಂದು ದಿನ" ಒತ್ತಿ. ಮಾನಿಟರ್ 9 ತೋರಿಸಬೇಕು. ಮತ್ತೆ ಒತ್ತಿ, 25. ಮತ್ತೆ, 49. ಪ್ರತಿ ಸಲವೂ ಕೆಂಪು ಒಂದು ಸರಿಯಾದ ಚೌಕ. 16ನೇ ಸಲಕ್ಕೆ 1089, ತೋಟ ಪೂರ್ತಿ. ಮೊದಲ ಒತ್ತಿಗೇ 9ಕ್ಕಿಂತ ಜಾಸ್ತಿ ಬಂದು ಅಂಚು ಸೊಟ್ಟಪಟ್ಟ ಆಗಿದ್ದರೆ ಮೇಲೆ ಹೇಳಿದ ತಪ್ಪು ನಿಮ್ಮಲ್ಲಿದೆ. 5 ಬಂದರೆ ನೇಬರ್ಸ್ ಬದಲು ನಾಲ್ಕೇ ದಿಕ್ಕು ನೋಡುವ ನೇಬರ್ಸ್4 ಬರೆದಿದ್ದೀರಿ.

ಎರಡನೆಯದು. ರೋಗದ ಮರವನ್ನು ಕೆಳಗಿನ ಎಡ ಮೂಲೆಗೆ ಇಡಿ. ಒಂದು ಒತ್ತಿಗೆ 4 ಬರಬೇಕು. 9 ಬಂದರೆ ಅಂಚುಗಳು ಇನ್ನೂ ಅಂಟಿಕೊಂಡಿವೆ. ನಡುವಿನ ಮರ ಇಟ್ಟು ಮಾತ್ರ ನೋಡಿದರೆ ಈ ತಪ್ಪು ಸಿಕ್ಕುವುದೇ ಇಲ್ಲ.

ಮೂರನೆಯದು ನನಗೆ ಇಷ್ಟ. ಮರ ಮತ್ತೆ ನಡುವೆ, ಮದ್ದಿನ ದಿನ 0. 40 ಸಲ ಒತ್ತಿದರೂ ಮಾನಿಟರ್ 1ರಲ್ಲೇ ನಿಲ್ಲಬೇಕು. 41ನೇ ಸಲಕ್ಕೆ 9. ನಿಮ್ಮದರಲ್ಲಿ 40ನೇ ಸಲಕ್ಕೇ 9 ಬಂತಾ? ಹಾಗಾದರೆ ರಕ್ಷಣೆ ಕಳೆಯುವ ಸಾಲು ರೋಗ ಹರಡುವ ಸಾಲಿಗಿಂತ ಮೇಲಿದೆ. ಸಾಲು ಮೇಲೆಕೆಳಗಾದ್ದಕ್ಕೆ ಒಂದು ದಿನದ ರಕ್ಷಣೆ ಹೋಯಿತು.

ಈ ಮೂರೂ ಸರಿಯಾದ ಮೇಲೆ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿ. ಮುಂದೆ ಏನಾದರೂ ಕೆಟ್ಟರೆ ವಾಪಸ್ ಬರಲು ಜಾಗ ಬೇಕು.

ಹಂತ 6: ಕೊನೆಗೌಡರು ತೋಟಕ್ಕೆ ಬರಲಿ

ನಿಜ ಹೇಳಬೇಕೆಂದರೆ ಇಲ್ಲಿವರೆಗೆ ಕಟ್ಟಿದ್ದು ಏಜೆಂಟ್ ಆಧಾರಿತ ಮಾದರಿ (ತಮ್ಮ ತಮ್ಮ ನಿಯಮದಂತೆ ನಡೆದುಕೊಳ್ಳುವ ಏಜೆಂಟುಗಳಿರುವ ಮಾದರಿ) ಅಲ್ಲ. ಅದು ಸೆಲ್ಯುಲರ್ ಆಟೊಮೇಟಾ. ಚೌಕಗಳು ಪಕ್ಕದ ಚೌಕ ನೋಡಿ ಬದಲಾಗುತ್ತವೆ, ಅಷ್ಟೇ. ಇಡೀ ತೋಟಕ್ಕೆ ಒಂದೇ ದಿನ ಮದ್ದು ಹೊಡೆದು ಮುಗಿಸುವುದು ಬೇರೆ! ಎರಡು ಎಕರೆ ತೋಟದಲ್ಲಿ ಯಾರು ಹಾಗೆ ಹೊಡೆಸಿದ್ದಾರೆ?

ಕೊನೆಗೌಡ ಅನ್ನುವ ಬ್ರೀಡ್ (ಟರ್ಟಲ್‌ಗಳ ಒಂದು ಬಗೆ) ಮಾಡಿ. ಎಷ್ಟು ಜನ ಅನ್ನುವುದಕ್ಕೆ ಒಂದು ಸ್ಲೈಡರ್, ಒಬ್ಬರು ದಿನಕ್ಕೆ ಎಷ್ಟು ಮರ ಅನ್ನುವುದಕ್ಕೆ ಇನ್ನೊಂದು. ಈ ಸಂಖ್ಯೆಯನ್ನು ಪುಸ್ತಕದಲ್ಲಿ ಹುಡುಕಬೇಡಿ, ನಿಮ್ಮೂರಿನ ಕೊನೆಗೌಡರನ್ನೇ ಕೇಳಿ. ಹಂತ 4ರ ಮೂರನೇ ಸಾಲಿನ ಜಾಗದಲ್ಲಿ ಈಗ ಹೊಸ ನಿಯಮ: ಶುರು-ದಿನ (ಹೊಡೆಯಲು ಶುರು ಮಾಡುವ ದಿನ, ಮದ್ದಿನ ದಿನದ ಬದಲಿಗೆ ಬಂದ ಸ್ಲೈಡರ್) ಬಂದಿದ್ದು, ಇವತ್ತು ಮಳೆ ಇಲ್ಲದಿದ್ದರೆ, ಪ್ರತಿಯೊಬ್ಬರೂ ಮದ್ದು ಹೊಡೆಯದ ಹತ್ತಿರದ ಮರಕ್ಕೆ ಹೋಗಿ ಹೊಡೆಯಲಿ, ದಿನದ ಲೆಕ್ಕ ಮುಗಿಯುವವರೆಗೆ. ಮರಕ್ಕೆ "ಹೊಡೆದಾಯಿತು" ಅನ್ನುವ ಗುರುತು ಬೇಕು. ರಕ್ಷಣೆ 0 ಆಗಿದೆಯಾ ಅಂತ ನೋಡಿ ತೀರ್ಮಾನಿಸಿದರೆ 40 ದಿನ ಕಳೆದ ಮೇಲೆ ಅವರು ತಾವೇ ಮತ್ತೆ ಹೊಡೆಯಲು ಶುರು ಮಾಡುತ್ತಾರೆ. ಕೂಲಿ ಕೊಡುವವರು ಯಾರು?

ಎರಡನೇ ಸುತ್ತಿಗೆ ಒಂದೇ ಸಾಲು ಸಾಕು: ಶುರು-ದಿನಕ್ಕೆ 45 ಸೇರಿಸಿದ ದಿನ ಎಲ್ಲ ಗುರುತುಗಳನ್ನೂ ಅಳಿಸಿ.

ಇದಕ್ಕೂ ಎಣಿಸುವ ಪರೀಕ್ಷೆ ಇದೆ. ಮಳೆ 0, ಇಬ್ಬರು ಕೊನೆಗೌಡರು, ಒಬ್ಬರಿಗೆ ದಿನಕ್ಕೆ 50 ಮರ, ಶುರು-ದಿನ 0. ಹತ್ತು ಒತ್ತಿಗೆ 1000 ಮರ ಮುಗಿದಿರಬೇಕು, 89 ಬಾಕಿ. 11ನೇ ದಿನ ಮೊದಲನೆಯವರು 50 ಹೊಡೆಯುತ್ತಾರೆ, ಎರಡನೆಯವರು 39. ಅವರು 40ನೆಯದನ್ನು ಹುಡುಕಿದಾಗ ಮರವೇ ಇಲ್ಲ, ಸಿಗುವುದು "ನೋಬಡಿ". ಅಲ್ಲಿ ನಿಮ್ಮ ಕೋಡ್ ದೋಷ ತೋರಿಸಿ ನಿಲ್ಲುತ್ತದೆ. ಹುಡುಕುವ ಮೊದಲು ಮರ ಉಳಿದಿದೆಯಾ ಅಂತ ಕೇಳುವ ಒಂದು ಷರತ್ತು ಹಾಕಿದರೆ ಸರಿಹೋಗುತ್ತದೆ. ಹತ್ತು ದಿನ ಚೆನ್ನಾಗಿ ಓಡಿ 11ನೇ ದಿನ ಬೀಳುವುದರಿಂದ ಜನ ಗಾಬರಿಯಾಗುತ್ತಾರೆ.

ಮಾದರಿ ಮಾತಾಡಲು ಶುರು ಮಾಡುವುದು ಇಲ್ಲಿಂದ. ಮಳೆ-ಸಾಧ್ಯತೆಯನ್ನು ಮೊದಲ 10 ದಿನಕ್ಕೆ 40, ಆಮೇಲೆ 85 ಅಂತ ಮಾಡಿ ನೋಡಿ (ಇದು ನನ್ನ ಊಹೆ, ನಿಮ್ಮ ಊರಿನ ಮಳೆಲೆಕ್ಕ ಸಿಕ್ಕರೆ ಅದನ್ನೇ ಹಾಕಿ). ಶುರು-ದಿನ 0 ಇದ್ದಾಗ ಅರ್ಧ ತೋಟವಾದರೂ ಬೇಗ ಮುಗಿಯುತ್ತದೆ. 10 ದಿನ ತಡ ಮಾಡಿದರೆ ಕೆಲಸ ಮುಗಿಯುವುದು ಬರೀ 10 ದಿನ ತಡವಾಗುವುದಿಲ್ಲ. ಮಳೆ ಹಿಡಿದ ಮೇಲೆ ಹೊಡೆಯಲು ಸಿಗುವ ದಿನಗಳೇ ಕಮ್ಮಿ, ಹಾಗಾಗಿ ತಡಕ್ಕೆ ಇನ್ನಷ್ಟು ತಡ ಸೇರುತ್ತದೆ, ಅಷ್ಟರಲ್ಲಿ ರೋಗ ದಿನದಿನವೂ ಮುಂದೆ ಹೋಗುತ್ತಿರುತ್ತದೆ. ಈ ಮಾತನ್ನು ನೀವು ಯಾವ ಸಾಲಿನಲ್ಲೂ ಬರೆದಿಲ್ಲ. ಮಳೆ, ಆಳು, ಮರ ಮೂರೂ ಸೇರಿದಾಗ ಹುಟ್ಟಿತು. ಗೈಡ್ ಕೇಳುತ್ತಿದ್ದದ್ದು ಇದನ್ನೇ.

ಹಂತ 7: ನೂರೈವತ್ತು ಸಲ ಓಡಿಸುವುದು

ಒಂದು ಸಲ ಓಡಿಸಿ ಬಂದ ಗ್ರಾಫನ್ನು ವರದಿಗೆ ಅಂಟಿಸಬೇಡಿ. ಇನ್ನೊಂದು ಸಲ ಓಡಿಸಿದರೆ ಬೇರೆ ಬರುತ್ತದೆ. ನಂಬಿಕೆ ಬರದಿದ್ದರೆ ಮಾಡೆಲ್ಸ್ ಲೈಬ್ರರಿಯಲ್ಲಿ "ಫೈರ್" ತೆರೆಯಿರಿ. ಕಾಡಿನ ಸಾಂದ್ರತೆ 59ಕ್ಕೆ ಇಟ್ಟು ಹತ್ತು ಸಲ ಓಡಿಸಿ. ಒಮ್ಮೆ ಬೆಂಕಿ ಅರ್ಧಕ್ಕೇ ಆರುತ್ತದೆ, ಒಮ್ಮೆ ಆಚೆ ಅಂಚಿನವರೆಗೂ ಸುಡುತ್ತದೆ.

ಟೂಲ್ಸ್ ಮೆನುವಿನಲ್ಲಿ ಬಿಹೇವಿಯರ್‌ಸ್ಪೇಸ್ ಇದೆ. ಶುರು-ದಿನಕ್ಕೆ 0, 5, 10, 15, 20 ಎಂಬ ಐದು ಬೆಲೆ, ಪ್ರತಿಯೊಂದಕ್ಕೂ 30 ಸಲ, ಒಟ್ಟು 150 ಓಟ. ಬರೆಯುವ ರೀತಿಯಲ್ಲಿ ಒಂದು ಎಡವುವ ಜಾಗ ಇದೆ. 0 5 20 ಅನ್ನು ಒಳಗೆ ಇನ್ನೊಂದು ಚೌಕ ಆವರಣದಲ್ಲಿಟ್ಟರೆ "0ರಿಂದ 5ರ ಹೆಜ್ಜೆಯಲ್ಲಿ 20ರವರೆಗೆ" ಅಂತ ಅರ್ಥ. ಒಳ ಆವರಣ ಬಿಟ್ಟರೆ 0, 5, 20 ಎಂಬ ಮೂರೇ ಬೆಲೆ. ಎಷ್ಟು ಓಟ ಆಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ತಕ್ಷಣ ಗೊತ್ತಾಗುತ್ತದೆ.

ಪ್ರತಿ ಹೆಜ್ಜೆಗೂ ಅಳೆಯುವ ಆಯ್ಕೆ ತೆಗೆಯಿರಿ. ಇಲ್ಲದಿದ್ದರೆ 150 ಸಾಲಿನ ಬದಲು ಹದಿನೆಂಟು ಸಾವಿರದ ಮೇಲೆ ಸಾಲು ಬರುತ್ತದೆ. ಔಟ್‌ಪುಟ್ ಟೇಬಲ್ ರೂಪದಲ್ಲಿ ತೆಗೆದುಕೊಳ್ಳಿ, ಎಕ್ಸೆಲ್‌ನಲ್ಲಿ ಹಾಗೇ ತೆರೆಯುತ್ತದೆ.

ಫಲಿತಾಂಶ ಬಂದ ಮೇಲೆ ಮೊದಲು ನೋಡಬೇಕಾದ ಅಪಾಯದ ಗುರುತುಗಳು:

ಒಂದೇ ಶುರು-ದಿನದ 30 ಸಾಲಲ್ಲೂ ಒಂದೇ ಸಂಖ್ಯೆ ಇದ್ದರೆ, ಪರೀಕ್ಷೆಗೆ ಅಂತ ಹಾಕಿದ್ದ, ಪ್ರತಿ ಓಟಕ್ಕೂ ಅದೇ ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ ರ‍್ಯಾಂಡಮ್-ಸೀಡ್ ಸೆಟಪ್‌ನಲ್ಲೇ ಉಳಿದಿದೆ.

ಶುರು-ದಿನ ಬದಲಾದರೂ ಫಲಿತಾಂಶ ಕದಲದಿದ್ದರೆ ಎರಡು ಅನುಮಾನ. ಸೆಟಪ್ ಒಳಗೆ ನೀವೇ ಶುರು-ದಿನಕ್ಕೆ ಒಂದು ಬೆಲೆ ಕೊಟ್ಟಿರಬಹುದು. ಅಥವಾ ಅದನ್ನು ಸ್ಲೈಡರ್ ಮಾಡದೆ ಗ್ಲೋಬಲ್ಸ್‌ನಲ್ಲಿ ಇಟ್ಟಿರಬಹುದು. ಆಗ ಕ್ಲಿಯರ್-ಆಲ್ ಅದನ್ನು 0 ಮಾಡಿಬಿಡುತ್ತದೆ. ಸ್ಲೈಡರಿನ ಬೆಲೆಯನ್ನು ಅದು ಮುಟ್ಟುವುದಿಲ್ಲ.

ಎಲ್ಲ ಸಾಲಲ್ಲೂ 1089 ಬಂದರೆ ಕೋಡ್ ಸರಿ ಇದ್ದರೂ ಪ್ರಯೋಗ ತಪ್ಪು. ಹರಡುವಿಕೆ ಎಷ್ಟು ಜೋರು ಅಂದರೆ ಬೇಗ ಹೊಡೆದರೂ ತಡ ಹೊಡೆದರೂ ತೋಟ ಹೋಗುತ್ತದೆ, ವ್ಯತ್ಯಾಸ ಕಾಣಲು ಜಾಗವೇ ಇಲ್ಲ. ಹರಡುವ-ಸಾಧ್ಯತೆ ಕಮ್ಮಿ ಮಾಡಿ. ಆದರೆ ಕಮ್ಮಿ ಮಾಡಿದ್ದನ್ನು ವರದಿಯಲ್ಲಿ ಮುಚ್ಚಿಡಬೇಡಿ.

ಸರಾಸರಿ ಜೊತೆ 30 ಓಟಗಳ ಹರವನ್ನೂ ತೋರಿಸಿ. ತಡ ಹೆಚ್ಚಾದಂತೆ ಹರವು ಹೇಗೆ ಬದಲಾಯಿತು ಅನ್ನುವುದೇ ಎಷ್ಟೋ ಸಲ ಸರಾಸರಿಗಿಂತ ಕುತೂಹಲದ ಸಂಗತಿ.

ಹಂತ 8: ಬರೆಯುವಾಗ

ಸಂಶೋಧನಾ ವರದಿಗೆ ಒಡಿಡಿ (ಓವರ್‌ವ್ಯೂ, ಡಿಸೈನ್ ಕಾನ್ಸೆಪ್ಟ್ಸ್, ಡೀಟೇಲ್ಸ್) ಎಂಬ ಚೌಕಟ್ಟು ಬಳಕೆಯಲ್ಲಿದೆ. ವೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟದ್ದು, 2010 ಮತ್ತು 2020ರಲ್ಲಿ ಪರಿಷ್ಕರಿಸಿದ್ದು. ಉದ್ದೇಶ, ಏಜೆಂಟುಗಳು ಮತ್ತು ಅವುಗಳ ಗುಣ, ಒಂದು ಹೆಜ್ಜೆಯಲ್ಲಿ ಏನೇನು ಯಾವ ಕ್ರಮದಲ್ಲಿ ಅಂತ ಶುರುವಾಗುತ್ತದೆ. 1ನೇ ಹಂತದ ನೋಟ್‌ಬುಕ್ ಪುಟ ಮತ್ತು 4ನೇ ಹಂತದ ಏಳು ಸಾಲು ಇದ್ದರೆ ಅರ್ಧ ಬರೆದಂತೆಯೇ.

ಇದನ್ನು ತೋಟದವರಿಗೆ ಭವಿಷ್ಯದಂತೆ ತೋರಿಸಬೇಡಿ. ಹರಡುವ-ಸಾಧ್ಯತೆಯನ್ನು ನಾವು ಯಾವ ತೋಟದಲ್ಲೂ ಅಳೆದಿಲ್ಲ. "ತಡವಾದಷ್ಟೂ ಹೀಗೆ ಬೆಳೆಯುತ್ತದೆ" ಅಂತ ಹೇಳಬಹುದು. "ಇಷ್ಟು ಕ್ವಿಂಟಲ್ ಹೋಗುತ್ತದೆ" ಅಂತ ಹೇಳುವ ಹಾಗಿಲ್ಲ.

ಕರಾವಳಿಯವರಿಗೆ, ಮತ್ತು ಬೇರೆ ತಂತ್ರಾಂಶ

ಕಾರವಾರ, ಕುಮಟಾ ಕಡೆಯವರು ಅಡಿಕೆ ಬೇಡ ಅಂದರೆ ಮೀನು ಹಿಡಿಯಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪ್ಯಾಚ್ ಸಮುದ್ರ, ಟರ್ಟಲ್ ದೋಣಿ, ಪ್ರಶ್ನೆ ನಿಷೇಧದ ಅವಧಿಯದ್ದು. ಅಘನಾಶಿನಿ ಅಳಿವೆಯ ಬಳಚು (ಚಿಪ್ಪುಮೀನು) ಆರಿಸುವುದೂ ಒಳ್ಳೇ ವಿಷಯ. ಹಂತಗಳು ಇವೇ, 5ನೆಯದನ್ನು ನಿಮ್ಮ ಸಂಖ್ಯೆಗಳಿಗೆ ಹೊಂದಿಸಿಕೊಳ್ಳಿ.

ಅಳಿವೆಯ ನಿಜವಾದ ನಕ್ಷೆ ಮೇಲೆಯೇ ಓಡಿಸಬೇಕು ಅಂದರೆ ಗಾಮಾ ಹೆಚ್ಚು ಅನುಕೂಲ. ಪೈಥಾನ್ ಕೈಗೆ ಹತ್ತಿದವರಿಗೆ ಮೆಸಾ ಇದೆ. ಎರಡೂ ಉಚಿತ. ಆದರೆ ಮೊದಲ ಮಾದರಿಯಲ್ಲೇ ಅವುಗಳಿಗೆ ಕೈ ಹಾಕಿದರೆ ತಪ್ಪು ನಿಮ್ಮ ನಿಯಮದ್ದೋ ಕೋಡಿನದ್ದೋ ಅಂತ ಹುಡುಕುವುದರಲ್ಲೇ ಸೆಮಿಸ್ಟರ್ ಮುಗಿದಿರುತ್ತದೆ. ಫೈಲ್ ಕಳಿಸುವವರು 5ನೇ ಹಂತದ ಮೂರು ಪರೀಕ್ಷೆಯಲ್ಲಿ ಏನೇನು ಸಂಖ್ಯೆ ಬಂತು ಅನ್ನುವುದನ್ನು ಜೊತೆಗೇ ಬರೆದು ಕಳಿಸಿ. ನಾನು ಮೊದಲು ಕೇಳುವುದು ಅದನ್ನೇ.